ಸಣ್ಣ ವಿಮಾನ, ಹಂಚಿದ ಖರ್ಚು: ಹತ್ತುವ ಮುನ್ನ ತಿಳಿಯಬೇಕಾದ್ದು

ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ವಿಮಾನ ನಿಲ್ದಾಣವಿಲ್ಲ. ವಿಮಾನದ ಭಾಗಗಳು ಮಾತ್ರ ತಯಾರಾಗುತ್ತವೆ. 2013ರಲ್ಲಿ ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಘಟಕ ತೆರೆದ ಮಹೀಂದ್ರ ಏರೋಸ್ಪೇಸ್ ಕೈಯಲ್ಲಿ ಆಗ ಆಸ್ಟ್ರೇಲಿಯಾದ ಗಿಪ್ಸ್‌ಏರೋ ಕಂಪನಿಯೂ ಇತ್ತು. ಎಂಟು ಸೀಟಿನ ಏರ್‌ವ್ಯಾನ್ ಅವರದೇ ವಿಮಾನ. ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ಜೊತೆ ಸೇರಿ ರೂಪಿಸಿದ ಐದು ಸೀಟಿನ ಎನ್‌ಎಂ5 2011ರಲ್ಲಿ ಆಸ್ಟ್ರೇಲಿಯಾದಲ್ಲಿ ಮೊದಲ ಸಲ ಹಾರಿತ್ತು. ಈಗ ಪಕ್ಕದ ವೇಮಗಲ್‌ನಲ್ಲಿ ಟಾಟಾ ಅಡ್ವಾನ್ಸ್‌ಡ್ ಸಿಸ್ಟಮ್ಸ್ ಮತ್ತು ಏರ್‌ಬಸ್ ಸೇರಿ ಎಚ್125 ಹೆಲಿಕಾಪ್ಟರ್ ಜೋಡಿಸುವ ಯೋಜನೆ ಬಂದಿದೆ.

ಹೀಗಾಗಿ ಈ ಭಾಗದ ಮನೆಗಳಲ್ಲಿ ಪೈಲಟ್ ಲೈಸೆನ್ಸಿನ ಮಾತು ಮೊದಲಿನಷ್ಟು ಅಪರೂಪವಲ್ಲ. ಒಬ್ಬರ ಮಗಳು ಜಕ್ಕೂರಿನ ಹಾರಾಟ ಶಾಲೆಯಲ್ಲಿ ಕಲಿಯಲು ಹೊರಟಿರುತ್ತಾಳೆ. ಇನ್ನೊಬ್ಬರ ಮಗ ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದುಕೊಂಡೇ ವಾರಾಂತ್ಯದಲ್ಲಿ ಬಾಡಿಗೆಯ ಸೆಸ್ನಾ ಹಾರಿಸುತ್ತಾನೆ. ಲೈಸೆನ್ಸ್ ಕೈಗೆ ಬಂದ ದಿನದಿಂದಲೇ ನೆಂಟರಿಷ್ಟರ ಮಾತು ಶುರು: "ನಮ್ಮನ್ನೂ ಒಂದ್ಸಲ ಕರಕೊಂಡು ಹೋಗಪ್ಪಾ, ಪೆಟ್ರೋಲಿಗೆ ನಾವೂ ಕೊಡ್ತೀವಿ."

ಕೇಳುವುದರಲ್ಲಿ ತಪ್ಪೇನಿಲ್ಲ. ಉತ್ತರ ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಭಾರತದಲ್ಲಿ ಖಾಸಗಿ ಪೈಲಟ್ ಪ್ರಯಾಣಿಕರಿಂದ ಹಣ ಮುಟ್ಟದಿರುವುದೇ ಕ್ಷೇಮ. ಅಮೆರಿಕ, ಯುರೋಪ್, ಆಸ್ಟ್ರೇಲಿಯಾಗಳಲ್ಲಿ ಖರ್ಚು ಹಂಚಿಕೊಳ್ಳಬಹುದು, ಆದರೆ ಷರತ್ತುಗಳಿವೆ. ಆ ಷರತ್ತುಗಳ ಹಿಂದಿರುವುದು ಎರಡೇ ಪ್ರಶ್ನೆ: ಈ ಹಾರಾಟ ಯಾರ ಕೆಲಸಕ್ಕೆ ಹೊರಟಿದೆ? ಪೈಲಟ್ ತನ್ನ ಪಾಲನ್ನು ನಿಜವಾಗಿಯೂ ಕಟ್ಟುತ್ತಿದ್ದಾನೆಯೇ?

ಭಾರತದಲ್ಲಿ ಏನು ನಿಯಮ?

ಖಾಸಗಿ ಪೈಲಟ್ ಲೈಸೆನ್ಸ್, ಅಂದರೆ ಪಿಪಿಎಲ್, ಪಡೆಯಲು 17 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ವೈದ್ಯಕೀಯ ಪ್ರಮಾಣಪತ್ರ ಇರಬೇಕು, ಕನಿಷ್ಠ 40 ಗಂಟೆ ಹಾರಾಟ ಆಗಿರಬೇಕು. ಈ ಲೈಸೆನ್ಸ್ ಇದ್ದವರು ವಿಮಾನ ಹಾರಿಸಬಹುದು, ಜೊತೆಗೆ ಜನರನ್ನೂ ಕೂರಿಸಿಕೊಳ್ಳಬಹುದು. ಅದಕ್ಕೆ ಸಂಭಾವನೆ ಪಡೆಯುವಂತಿಲ್ಲ.

ಸಂಭಾವನೆ ಎಂದರೆ ಸಂಬಳ ಮಾತ್ರವೇ? ಇಲ್ಲೇ ಹಲವರು ಎಡವುವುದು. 1937ರ ವಿಮಾನ ನಿಯಮಗಳು ಯಾವುದೇ ಬಗೆಯ ಪ್ರತಿಫಲಕ್ಕಾಗಿ ಜನರನ್ನೋ ಸರಕನ್ನೋ ಸಾಗಿಸಿದರೆ ಅದನ್ನು ಸಾರ್ವಜನಿಕ ಸಾರಿಗೆ ಎಂದು ಎಣಿಸುತ್ತವೆ. 'ಯಾವುದೇ ಬಗೆಯ' ಎಂಬ ಮಾತು ಬಲು ಅಗಲ. ಲಾಭ ಬಂತೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಇಂಧನದ ಖರ್ಚಿನಲ್ಲಿ ಪಾಲು ಪಡೆದರೆ ಅದು ಬಾಡಿಗೆಯಲ್ಲ ಎಂದು ಬಿಡಿಸಿ ಹೇಳುವ ವಾಕ್ಯ, ಅಮೆರಿಕದ ನಿಯಮದಲ್ಲಿ ಇರುವಂಥದ್ದು, ನಮ್ಮ ಪಿಪಿಎಲ್ ಹಕ್ಕುಗಳ ಪಟ್ಟಿಯಲ್ಲಿ ಇಲ್ಲ.

ನರಸಾಪುರದವರಿಗೆ ಇದು ಹೊಸ ತಕರಾರೇನಲ್ಲ. ಶಿಫ್ಟಿಗೆ ಬೆಂಗಳೂರಿನಿಂದ ಬರುವ ನಾಲ್ವರು ಒಂದೇ ಕಾರಿನಲ್ಲಿ ಬಂದು ಪೆಟ್ರೋಲ್ ಹಂಚಿಕೊಂಡರೆ ಯಾರೂ ಕೇಳುವುದಿಲ್ಲ. ಅದೇ ವೈಟ್ ಬೋರ್ಡ್ ಕಾರಿನ ಸೀಟುಗಳನ್ನು ಆ್ಯಪ್‌ನಲ್ಲಿ ಗುರುತಿಲ್ಲದವರಿಗೆ ಕೊಟ್ಟಾಗ 2023ರಲ್ಲಿ ಕಾರ್‌ಪೂಲಿಂಗ್ ವಿವಾದವೇ ಎದ್ದಿತು. ವಿಮಾನಕ್ಕೂ ವೈಟ್ ಬೋರ್ಡ್, ಯೆಲ್ಲೋ ಬೋರ್ಡ್ ಉಂಟು. ಹಲಗೆಯ ಬಣ್ಣದಲ್ಲಿ ಅದು ಕಾಣದು, ಕಾಗದದಲ್ಲಿರುತ್ತದೆ: ಖಾಸಗಿ ವರ್ಗದ ವಿಮಾನ ಒಂದು ಕಡೆ, ಪರ್ಮಿಟ್ ಇರುವ ಸಂಸ್ಥೆಯ ವಿಮಾನ ಇನ್ನೊಂದು ಕಡೆ.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ತೆಗೆದುಹಾಕಬೇಕು. "200 ಗಂಟೆ ಮುಗಿಸಿ ಕಮರ್ಷಿಯಲ್ ಲೈಸೆನ್ಸ್ ತಗೊಂಡರೆ ಆಯ್ತಲ್ಲ, ಆಮೇಲೆ ದುಡ್ಡು ತಗೋಬಹುದು" ಎನ್ನುವವರಿದ್ದಾರೆ. ಸಿಪಿಎಲ್ ಇದ್ದರೆ ಸಂಬಳಕ್ಕೆ ಕೆಲಸ ಮಾಡಬಹುದು, ಅಷ್ಟೆ. ಟಿಕೆಟ್ ಮಾರಿ ಜನರನ್ನು ಸಾಗಿಸಲು ಸಂಸ್ಥೆಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಪರ್ಮಿಟ್ ಬೇಕು. ಡ್ರೈವಿಂಗ್ ಲೈಸೆನ್ಸ್ ಇದ್ದ ಮಾತ್ರಕ್ಕೆ ಬಸ್ ಸರ್ವಿಸ್ ನಡೆಸಲಾಗದು ಎಂಬುದು ಯಾರಿಗೆ ಗೊತ್ತಿಲ್ಲ?

ಶಿಕ್ಷೆಯೂ ಸಣ್ಣದಲ್ಲ. 2020ರ ತಿದ್ದುಪಡಿ ವಿಮಾನ ಕಾಯ್ದೆಯ ಗರಿಷ್ಠ ದಂಡವನ್ನು 10 ಲಕ್ಷದಿಂದ 1 ಕೋಟಿ ರೂಪಾಯಿಗೆ ಏರಿಸಿತು. 1934ರ ಆ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಹೊಸ ಕಾಯ್ದೆಯಡಿ ನಿಯಮಗಳೂ ಒಂದೊಂದಾಗಿ ಬದಲಾಗುವ ಕಾಲವಿದು; ಹಾರುವ ಮುನ್ನ ಡಿಜಿಸಿಎ ಜಾಲತಾಣದಲ್ಲಿರುವ ಈಗಿನ ಪಠ್ಯವನ್ನೇ ಓದಿ. ಅನುಮಾನವಿದ್ದರೆ ಲಿಖಿತವಾಗಿ ಕೇಳಿ. ಹ್ಯಾಂಗರ್ ಬಳಿ ಚಹಾ ಕುಡಿಯುತ್ತ ಕೇಳಿದ ಅಭಿಪ್ರಾಯ ವಿಚಾರಣೆಯಲ್ಲಿ ಕೈಹಿಡಿಯುವುದಿಲ್ಲ.

ಹಾಗಾದರೆ ಇಲ್ಲಿ ಖರ್ಚು ಇಳಿಸುವುದು ಹೇಗೆ?

ಪ್ರಯಾಣಿಕರ ಹಣವಿಲ್ಲದೆಯೂ ದಾರಿಗಳಿವೆ.

ಒಂದು, ಇಬ್ಬರು ಪೈಲಟ್‌ಗಳು ಸೇರುವುದು. ಹೋಗುವಾಗ ಒಬ್ಬರು ಹಾರಿಸಿ ಆ ಗಂಟೆಗಳ ಹಣವನ್ನು ತರಬೇತಿ ಸಂಸ್ಥೆಗೆ ತಾವೇ ಕಟ್ಟುತ್ತಾರೆ. ಬರುವಾಗ ಇನ್ನೊಬ್ಬರು ಹಾರಿಸಿ ತಮ್ಮದನ್ನು ಕಟ್ಟುತ್ತಾರೆ. ಒಬ್ಬರಿಂದೊಬ್ಬರಿಗೆ ಹಣ ಹೋಗುವುದೇ ಇಲ್ಲ. ಖಾಲಿ ಸೀಟಿನಲ್ಲಿ ಇನ್ನೊಬ್ಬರನ್ನು ಕೂರಿಸಲು ಸಂಸ್ಥೆ ಒಪ್ಪುತ್ತದೆಯೇ ಎಂದು ಮೊದಲೇ ಬರಹದಲ್ಲಿ ಕೇಳಿಕೊಳ್ಳಬೇಕು. ತರಬೇತಿಗೆಂದು ಇಟ್ಟ ವಿಮಾನದಲ್ಲಿ ಹೊರಗಿನವರನ್ನು ಹತ್ತಿಸಲು ಸಂಸ್ಥೆ ಒಪ್ಪದೆಯೂ ಇರಬಹುದು.

ಎರಡು, ಜಂಟಿ ಮಾಲೀಕತ್ವ. ಮೂರು ನಾಲ್ಕು ಮಂದಿ ಸೇರಿ ವಿಮಾನ ಕೊಂಡರೆ ಹ್ಯಾಂಗರ್ ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆಗಳನ್ನು ಮಾಲೀಕರಾಗಿ ಹಂಚಿಕೊಳ್ಳುತ್ತಾರೆ. ತಮ್ಮದೇ ಸೊತ್ತಿನ ಪಾಲನೆಗೆ ಅವರು ಹಾಕುವ ಹಣ ಅದು, ಪ್ರಯಾಣದ ದರವಲ್ಲ. ಆದರೆ ಹೆಸರಿಗೆ ಮಾತ್ರ ಮಾಲೀಕರನ್ನು ಸೇರಿಸಿಕೊಂಡು ಟ್ರಿಪ್‌ಗೆ ಇಷ್ಟೆಂದು ವಸೂಲಿ ಮಾಡಿದರೆ ಮತ್ತೆ ಅದೇ ತೊಡಕು.

ಮೂರು, ನೋಡುವ ಆಸೆಯಷ್ಟೇ ಇರುವವರಿಗೆ ಪರ್ಮಿಟ್ ಇರುವವರ ಜಾಯ್‌ರೈಡ್. ಮೈಸೂರು ದಸರೆಯ ಹೊತ್ತಿನಲ್ಲಿ ಹೆಲಿಕಾಪ್ಟರ್ ಹತ್ತಿ ಊರು ನೋಡಿದವರಿಗೆ ಇದು ಗೊತ್ತು. ರಸೀದಿ ಸಿಗುತ್ತದೆ, ವಿಮೆ ಇರುತ್ತದೆ, ಯಾರ ಲೈಸೆನ್ಸಿಗೂ ಸಂಚಕಾರವಿಲ್ಲ.

ನಾಲ್ಕು, ನೆಂಟರನ್ನು ಸುಮ್ಮನೆ ಕರೆದೊಯ್ಯುವುದು. ಅತ್ತೆ-ಮಾವ ಹತ್ತಿದಾಗ ಲೆಕ್ಕದ ಪುಸ್ತಕ ತೆಗೆಯುವವರು ಯಾರು?

ಖರ್ಚು ದುಬಾರಿಯಾಗಲು ಇಂಧನವೂ ಒಂದು ಕಾರಣ. ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳು ಹೆಚ್ಚಾಗಿ ಕುಡಿಯುವುದು ಅವ್‌ಗ್ಯಾಸ್. ಜೆಟ್‌ಗಳ ಇಂಧನ ಬೇರೆ. ಅವ್‌ಗ್ಯಾಸನ್ನು ಭಾರತ ಬಹುಕಾಲ ಹೊರದೇಶದಿಂದಲೇ ತರಿಸಿಕೊಂಡಿತು. 2022ರಲ್ಲಿ ಇಂಡಿಯನ್ ಆಯಿಲ್ ಇಲ್ಲೇ ತಯಾರಾದ ಅವ್‌ಗ್ಯಾಸ್ 100 ಎಲ್‌ಎಲ್ ಬಿಡುಗಡೆ ಮಾಡಿತು.

ಅಮೆರಿಕದಲ್ಲಿ: ಪಾಲಿನ ಲೆಕ್ಕ

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಿಗೆ ವಿಷಯ ಬೇರೆ. ಅಲ್ಲಿನ ವಿಮಾನಯಾನ ಪ್ರಾಧಿಕಾರ ಎಫ್‌ಎಎಯ ನಿಯಮ 61.113 ಖಾಸಗಿ ಪೈಲಟ್‌ಗೆ ಖರ್ಚು ಹಂಚಿಕೊಳ್ಳಲು ಅವಕಾಶ ಕೊಡುತ್ತದೆ. ಷರತ್ತು ನೇರವಾಗಿದೆ: ವಿಮಾನದಲ್ಲಿರುವ ತಲೆಗಳ ಲೆಕ್ಕದಲ್ಲಿ ತನಗೆ ಬರುವ ಪಾಲಿಗಿಂತ ಪೈಲಟ್ ಕಡಿಮೆ ಕೊಡುವಂತಿಲ್ಲ. ಹೆಚ್ಚು ಕೊಟ್ಟರೆ ಅಡ್ಡಿಯಿಲ್ಲ.

ಹಂಚಬಹುದಾದ ಬಾಬತ್ತುಗಳು ನಾಲ್ಕೇ: ಇಂಧನ, ಎಂಜಿನ್ ಆಯಿಲ್, ವಿಮಾನ ನಿಲ್ದಾಣದ ಶುಲ್ಕ, ವಿಮಾನದ ಬಾಡಿಗೆ. ಸ್ವಂತ ವಿಮಾನವಿದ್ದವರು ವಿಮೆಯ ಕಂತು, ವಾರ್ಷಿಕ ತಪಾಸಣೆ, ಎಂಜಿನ್ ಓವರ್‌ಹಾಲಿಗೆಂದು ಎತ್ತಿಡುವ ಹಣ ಇವನ್ನು ಸೇರಿಸುವಂತಿಲ್ಲ. ಹಾಗಾಗಿ ಸ್ವಂತ ವಿಮಾನದವರಿಗಿಂತ ಬಾಡಿಗೆ ವಿಮಾನದವರಿಗೇ ಈ ನಿಯಮದಿಂದ ಅನುಕೂಲ ಹೆಚ್ಚು. ಬಾಡಿಗೆಯ ದರದೊಳಗೆ ಆ ಖರ್ಚುಗಳೆಲ್ಲ ಆಗಲೇ ಸೇರಿರುತ್ತವೆ.

ಒಂದು ಬಿಲ್ಲು ಬಿಡಿಸಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ನಾಲ್ಕು ಸೀಟಿನ ಸೆಸ್ನಾ 172, ಇಂಧನವೂ ಸೇರಿ ಗಂಟೆಗೆ 180 ಡಾಲರ್. ಬಾಡಿಗೆಗೆ ಕೊಡುವ ವಿಮಾನಗಳಲ್ಲಿ ಸಾಮಾನ್ಯವಾಗಿ ಹಾಬ್ಸ್ ಮೀಟರ್ ಇರುತ್ತದೆ. ಎಂಜಿನ್ ಚಾಲೂ ಆದೊಡನೆ ಅದು ಓಡತೊಡಗುತ್ತದೆ. ರನ್‌ವೇ ತುದಿಯಲ್ಲಿ ಸರದಿಗೆ ಕಾದ ಹತ್ತು ನಿಮಿಷವೂ ಅದರಲ್ಲಿ ಬೀಳುತ್ತದೆ. ಹೋಗಿಬರುವಷ್ಟರಲ್ಲಿ ಮೀಟರ್ 2.4 ಗಂಟೆ ತೋರಿಸಿತು ಎನ್ನಿ.

- ಬಾಡಿಗೆ: 2.4 × 180 = 432 ಡಾಲರ್
- ಇಳಿದ ಕಡೆ ಲ್ಯಾಂಡಿಂಗ್ ಶುಲ್ಕ: 18 ಡಾಲರ್
- ನಿಲುಗಡೆ ಶುಲ್ಕ: 30 ಡಾಲರ್
- ಒಟ್ಟು: 480 ಡಾಲರ್

ಪೈಲಟ್ ಸೇರಿ ನಾಲ್ವರಿದ್ದರೆ ಒಬ್ಬರ ಪಾಲು 120. ಪೈಲಟ್ ಕನಿಷ್ಠ 120 ಕೊಡಲೇಬೇಕು. ಉಳಿದ ಮೂವರಿಂದ ಒಟ್ಟು 360ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಇಬ್ಬರೇ ಇದ್ದರೆ ಅರ್ಧರ್ಧ, ಅಂದರೆ 240. ಊಟದ ಬಿಲ್ಲು, ಇಳಿದ ಮೇಲೆ ಹಿಡಿದ ಟ್ಯಾಕ್ಸಿ ಈ ಲೆಕ್ಕಕ್ಕೆ ಬರುವುದಿಲ್ಲ. "ನೀನು ಹಾರಿಸಿದೆಯಲ್ಲ, ನಿನ್ನ ಪಾಲೂ ನಮ್ಮದೇ" ಎಂದು ಸ್ನೇಹಿತರು ಔದಾರ್ಯ ತೋರಿದರೆ ಕೈಮುಗಿದು ಬೇಡವೆನ್ನಬೇಕು. ಹಾರಾಟದ ಗಂಟೆಗಳು ಪುಕ್ಕಟೆಯಾಗಿ ಲಾಗ್‌ಬುಕ್‌ಗೆ ಸೇರುವುದನ್ನೂ ಎಫ್‌ಎಎ ಪ್ರತಿಫಲವೆಂದೇ ನೋಡುತ್ತದೆ. ಜೇಬಿಗೆ ಒಂದು ಡಾಲರೂ ಬಾರದಿದ್ದರೂ ಅಲ್ಲಿ ಅದು ಬಾಡಿಗೆಯಾಗಬಲ್ಲದು.

ಲೆಕ್ಕ ಸರಿಯಿದ್ದರೂ ತಪ್ಪಾಗುವುದು ಎಲ್ಲಿ?

ಹಣದ ಭಾಗ ಸುಲಭ. ಕಷ್ಟ ಇರುವುದು ಉದ್ದೇಶದಲ್ಲಿ. ಪೈಲಟ್‌ಗೂ ಪ್ರಯಾಣಿಕರಿಗೂ ಅಲ್ಲಿಗೆ ಹೋಗಲು ಸಮಾನ ಕಾರಣವಿರಬೇಕು ಎನ್ನುತ್ತದೆ ಎಫ್‌ಎಎ.

ಸ್ಯಾನ್ ಹೋಸೆಯಲ್ಲಿರುವ ಪೈಲಟ್ ಒಬ್ಬ ಲಾಸ್ ಏಂಜಲಿಸ್‌ನಲ್ಲಿ ಕನ್ನಡ ನಾಟಕ ನೋಡಲು ಹೊರಟಿದ್ದಾನೆ. ಅದೇ ನಾಟಕಕ್ಕೆ ಹೋಗಬೇಕೆಂದಿದ್ದ ಸ್ನೇಹಿತೆ ಜೊತೆಗೂಡಿದರೆ ಹಂಚಿಕೊಳ್ಳಬಹುದು. ಇನ್ನೊಬ್ಬರು ಬಂದು, "ಅಲ್ಲಿಂದ ನನಗೆ ಬೆಂಗಳೂರಿನ ಫ್ಲೈಟ್ ಇದೆ, ಶುಕ್ರವಾರ ಬಿಟ್ಟುಬರ್ತೀಯಾ, ಪಾಲು ಕೊಡ್ತೀನಿ" ಎಂದರೆ? ಶುಕ್ರವಾರ ಪೈಲಟ್‌ಗೆ ಅಲ್ಲಿ ಏನೂ ಕೆಲಸವಿಲ್ಲ. ಅವರಿಗಾಗಿಯೇ ವಿಮಾನ ಏಳುತ್ತದೆ. ಪಾಲು ಕಾಸಿಗೆ ಕಾಸು ಸಮನಾಗಿದ್ದರೂ ಅದು ಟ್ಯಾಕ್ಸಿ ಸೇವೆ. ಪರೀಕ್ಷೆ ಸರಳ: ಪ್ರಯಾಣಿಕರು ಬಾರದಿದ್ದರೂ ನಾನು ಆ ದಿನ ಅಲ್ಲಿಗೆ ಹೋಗುತ್ತಿದ್ದೆನೇ?

ಎರಡನೆಯದು ಜಾಹೀರಾತು. ನೂರಾರು ಮಂದಿ ಇರುವ ಕನ್ನಡ ಕೂಟದ ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಶನಿವಾರ ಮಾಂಟೆರೆಗೆ ಹೋಗ್ತಿದ್ದೀನಿ, ಮೂರು ಸೀಟು ಖಾಲಿ, ತಲಾ 120 ಡಾಲರ್" ಎಂದು ಹಾಕುವುದು ಅನೇಕರಿಗೆ ಸಹಜವಾಗಿ ಕಾಣುತ್ತದೆ. ಬಂದವರನ್ನೆಲ್ಲ ಒಯ್ಯಲು ಸಿದ್ಧ ಎಂದು ಸಾರುವುದೇ ಸಾರ್ವಜನಿಕ ಸಾರಿಗೆಯ ಗುರುತು ಎಂಬುದು ಅಲ್ಲಿನ ಕಾನೂನಿನ ನೋಟ. ಫ್ಲೈಟ್‌ನೌ ಎಂಬ ಕಂಪನಿ ಪೈಲಟ್‌ಗಳನ್ನೂ ಪ್ರಯಾಣಿಕರನ್ನೂ ಕೂಡಿಸುವ ಜಾಲತಾಣ ನಡೆಸುತ್ತಿತ್ತು. ಎಫ್‌ಎಎ ಇದಕ್ಕೆ ಒಪ್ಪಲಿಲ್ಲ. ಕಂಪನಿ ಕೋರ್ಟಿಗೆ ಹೋಯಿತು. 2015ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಎಫ್‌ಎಎ ಪರವಾಗಿ ತೀರ್ಪಿತ್ತಿತು. ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. 2020ರಲ್ಲಿ ಎಫ್‌ಎಎ ಖರ್ಚು ಹಂಚಿಕೆಯ ಬಗ್ಗೆಯೇ ಎಸಿ 61-142 ಎಂಬ ಸಲಹಾ ಸುತ್ತೋಲೆ ಹೊರಡಿಸಿದೆ. ಹೊಸ ಪೈಲಟ್‌ಗಳು ಓದಲೇಬೇಕಾದ ಕೆಲವೇ ಪುಟ. ಮನೆಮಂದಿಗೆ, ಹತ್ತಿರದ ಗೆಳೆಯರಿಗೆ ಬಾಯಿಮಾತಿನಲ್ಲಿ ಹೇಳಿ, ಗುಂಪಿನಲ್ಲಿ ಹಾಕಬೇಡಿ.

ಯುರೋಪ್, ಆಸ್ಟ್ರೇಲಿಯಾ

ಯುರೋಪ್ ಈ ವಿಷಯದಲ್ಲಿ ಸಡಿಲ. ಪೈಲಟ್ ಸೇರಿ ಆರು ಮಂದಿ ಮೀರಬಾರದು, ಆ ಹಾರಾಟದ ನೇರ ಖರ್ಚನ್ನು ಮಾತ್ರ ಹಂಚಬೇಕು, ಪೈಲಟ್ ಕೂಡ ಪಾಲು ಕೊಡಬೇಕು, ಲಾಭವಿರಬಾರದು. ಜಾಲತಾಣದಲ್ಲಿ ಪ್ರಕಟಿಸುವುದಕ್ಕೂ ಅವಕಾಶವಿದೆ. ಫ್ರಾನ್ಸಿನಲ್ಲಿ 2015ರಲ್ಲಿ ಹುಟ್ಟಿದ ವಿಂಗ್ಲಿ ಬೆಳೆದದ್ದೇ ಹಾಗೆ. ಆಸ್ಟ್ರೇಲಿಯಾದಲ್ಲಿ ಹಂಚಿಕೆ ಸರಿ, ಸಾರ್ವಜನಿಕ ಜಾಹೀರಾತು ಸಲ್ಲದು. ಒಂದು ದೇಶದ ಲೈಸೆನ್ಸ್, ಇನ್ನೊಂದು ದೇಶದ ನೋಂದಣಿಯ ವಿಮಾನ ಇದ್ದಾಗ ಎರಡೂ ಕಡೆಯ ನಿಯಮ ನೋಡಬೇಕು.

ಮರೆಮಾಚಿದ ಬಾಡಿಗೆ ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಪ್ರಕರಣ ಸಾಕು. 2019ರ ಜನವರಿ 21ರ ರಾತ್ರಿ ಫ್ರಾನ್ಸಿನ ನಾಂಟ್‌ನಿಂದ ಕಾರ್ಡಿಫ್‌ಗೆ ಆತನನ್ನು ಹೊತ್ತು ಹೊರಟ ಒಂದೇ ಎಂಜಿನ್ನಿನ ವಿಮಾನ ಇಂಗ್ಲಿಷ್ ಕಡಲ್ಗಾಲುವೆಗೆ ಬಿತ್ತು. ಪೈಲಟ್‌ಗೆ ಹಣಕ್ಕಾಗಿ ಪ್ರಯಾಣಿಕರನ್ನು ಒಯ್ಯುವ ಲೈಸೆನ್ಸ್ ಇರಲಿಲ್ಲ, ರಾತ್ರಿ ಹಾರುವ ಅರ್ಹತೆಯೂ ಇರಲಿಲ್ಲ. ಹಾರಾಟ ಏರ್ಪಡಿಸಿದ ವ್ಯಕ್ತಿಗೆ 2021ರಲ್ಲಿ 18 ತಿಂಗಳ ಜೈಲಾಯಿತು.

ನಾಲ್ಕು ಸೀಟು, ಮೂವರು ಜನ

ಖರ್ಚು ಹಂಚುವವರ ಮೊದಲ ಆಸೆ ಸೀಟು ತುಂಬಿಸುವುದು. ತಲೆ ಹೆಚ್ಚಿದಷ್ಟೂ ಪಾಲು ಕಡಿಮೆಯಲ್ಲವೇ? ತಕ್ಕಡಿ ಇದಕ್ಕೆ ಒಪ್ಪುವುದಿಲ್ಲ.

ಸೆಸ್ನಾ 172ಎಸ್ ವಿಮಾನವನ್ನೇ ತೆಗೆದುಕೊಳ್ಳಿ. ಮೇಲೇರುವಾಗ ಒಟ್ಟು ತೂಕ 1,157 ಕೆ.ಜಿ. ಮೀರುವಂತಿಲ್ಲ. ಖಾಲಿ ವಿಮಾನವೇ ಸುಮಾರು 765 ಕೆ.ಜಿ. ತೂಗುತ್ತದೆ, ಪ್ರತಿ ವಿಮಾನದ ನಿಜವಾದ ಅಂಕಿ ಅದರದೇ ದಾಖಲೆಯಲ್ಲಿರುತ್ತದೆ. ಉಳಿದದ್ದು 392 ಕೆ.ಜಿ. ಟ್ಯಾಂಕ್ ಪೂರ್ತಿ ತುಂಬಿಸಿದರೆ ಬಳಸಬಹುದಾದ ಇಂಧನ ಸುಮಾರು 200 ಲೀಟರ್, ಅಂದರೆ 144 ಕೆ.ಜಿ. ಜನರಿಗೂ ಸಾಮಾನಿಗೂ ಉಳಿಯುವುದು 248 ಕೆ.ಜಿ. ಮಾತ್ರ. ತಲಾ 75 ಕೆ.ಜಿ.ಯ ಮೂವರು, ಜೊತೆಗೆ ಒಂದೆರಡು ಚೀಲ, ಅಲ್ಲಿಗೆ ಮುಗಿಯಿತು. ನಾಲ್ಕನೆಯವರು ಬರಬೇಕೆಂದರೆ ಇಂಧನ ಇಳಿಸಬೇಕು. ಇಂಧನ ಇಳಿದರೆ ದೂರ ಕಡಿಮೆಯಾಗುತ್ತದೆ, ನಡುವೆ ಇಳಿದು ತುಂಬಿಸಿಕೊಳ್ಳಬೇಕಾಗಬಹುದು. ಆಗ ಲ್ಯಾಂಡಿಂಗ್ ಶುಲ್ಕ ಇನ್ನೊಂದು, ಮೀಟರ್ ಇನ್ನಷ್ಟು. ಎರಡೇ ಸೀಟಿನ ಎನ್‌ಎಎಲ್ ಹಂಸದಂಥ ವಿಮಾನದಲ್ಲಿ ಈ ಆಸೆಗೆ ಎಡೆಯೇ ಇಲ್ಲ.

ನಮ್ಮ ಕಡೆಯವರು ಇನ್ನೊಂದು ಮಾತು ನೆನಪಿಡಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನದ ಬಿಸಿಗಾಳಿ ಇನ್ನೂ ತೆಳು. ಎಂಜಿನ್ ಶಕ್ತಿ ಇಳಿಯುತ್ತದೆ, ರನ್‌ವೇ ಹೆಚ್ಚು ಬೇಕಾಗುತ್ತದೆ, ಏರುವುದು ನಿಧಾನವಾಗುತ್ತದೆ. ಕಡಲತೀರದಲ್ಲಿ ಕಲಿತು ಬಂದವರು ಇಲ್ಲಿ ಅದೇ ತೂಕ ಹೊತ್ತು ಅದೇ ಏರಿಕೆಯನ್ನು ನಿರೀಕ್ಷಿಸಬಾರದು.

ಆದ್ದರಿಂದ ಪ್ರಯಾಣಿಕರ ತೂಕ ಕೇಳುವುದರಲ್ಲಿ ಸಂಕೋಚ ಬೇಡ. ಬಟ್ಟೆ, ಚಪ್ಪಲಿ, ಕೈಚೀಲ ಸೇರಿಸಿ ನಿಜವಾದ ತೂಕ ಹೇಳಬೇಕು. ಮಗಳ ಮನೆಗೆಂದು ಕಟ್ಟಿದ ಹುರಿಗಾಳು, ಉಪ್ಪಿನಕಾಯಿಯ ಡಬ್ಬಿಯೂ ತಕ್ಕಡಿ ಹತ್ತಬೇಕು.

ವಿಮೆ

ಖಾಸಗಿ ಬಳಕೆಗೆಂದು ಪಡೆದ ವಿಮೆ ಬಾಡಿಗೆ ಹಾರಾಟಕ್ಕೆ ಅನ್ವಯಿಸುವುದಿಲ್ಲ ಎಂದು ಪಾಲಿಸಿಯಲ್ಲೇ ಬರೆದಿರಬಹುದು. ಹಂಚಿಕೆಗೆ ಅವಕಾಶವಿರುವ ದೇಶದಲ್ಲೂ ವಿಮಾ ಕಂಪನಿ ಅದನ್ನು ಒಪ್ಪುತ್ತದೆಯೇ ಎಂದು ಬರಹದಲ್ಲಿ ಪಡೆಯಿರಿ. ಬಾಡಿಗೆ ವಿಮಾನವಾದರೆ ಅದನ್ನು ಕೊಟ್ಟ ಕ್ಲಬ್ಬಿನ ವಿಮೆ ಪೈಲಟ್‌ನ ಹೊಣೆಯನ್ನೂ ಹೊರುತ್ತದೆಯೋ ವಿಮಾನವನ್ನಷ್ಟೇ ನೋಡಿಕೊಳ್ಳುತ್ತದೆಯೋ ಕೇಳಿ. ಪ್ರಯಾಣಿಕರೂ ತಮ್ಮ ಪಾಲಿಸಿ ತೆರೆದು ನೋಡಲಿ: ಅನೇಕ ವೈಯಕ್ತಿಕ ಅಪಘಾತ ಪಾಲಿಸಿಗಳು ಸಣ್ಣ ಖಾಸಗಿ ವಿಮಾನದ ಪ್ರಯಾಣವನ್ನು ಹೊರಗಿಡುತ್ತವೆ.

ಹತ್ತುವವರು ಕೇಳಬೇಕಾದ ಪ್ರಶ್ನೆಗಳು

- ಲೈಸೆನ್ಸ್, ವೈದ್ಯಕೀಯ ಪ್ರಮಾಣಪತ್ರ ಇವತ್ತಿಗೂ ಚಾಲ್ತಿಯಲ್ಲಿವೆಯೇ?
- ಈ ಮಾದರಿಯ ವಿಮಾನವನ್ನು ಕೊನೆಯ ಸಲ ಹಾರಿಸಿದ್ದು ಯಾವಾಗ? ಅಮೆರಿಕದಲ್ಲಿ ಪ್ರಯಾಣಿಕರನ್ನು ಕೂರಿಸಿಕೊಳ್ಳಲು ಹಿಂದಿನ 90 ದಿನಗಳಲ್ಲಿ ಕನಿಷ್ಠ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿರಬೇಕು.
- ಕತ್ತಲಾಗುವ ಮುನ್ನ ಮರಳುತ್ತೇವೆಯೇ? ಇಲ್ಲದಿದ್ದರೆ ರಾತ್ರಿ ಹಾರುವ ಅರ್ಹತೆ ಇದೆಯೇ?
- ತೂಕದ ಲೆಕ್ಕ ಬರೆದು ಮಾಡಿದ್ದಾರೆಯೇ?
- ಹವಾಮಾನ ಕೆಟ್ಟರೆ ಏನು ಏರ್ಪಾಡು?

ಇವನ್ನು ಕೇಳಿದರೆ ಒಳ್ಳೆಯ ಪೈಲಟ್ ಮುಖ ಸಿಂಡರಿಸುವುದಿಲ್ಲ. ಸಿಂಡರಿಸಿದರೆ ಬಸ್ಸು ಹಿಡಿಯಿರಿ.

ಹಣದ ಒತ್ತಡ ತಪ್ಪಿಸುವುದು

ಹಂಚಿಕೆಯ ನಿಜವಾದ ಅಪಾಯ ಕಾನೂನಿನ ಪುಸ್ತಕದ ಹೊರಗೂ ಇದೆ. ಮೂವರು ಹಣ ಕೊಟ್ಟಿದ್ದಾರೆ, ರಜೆ ಹಾಕಿದ್ದಾರೆ, ಹೊಸ ಬಟ್ಟೆ ತೊಟ್ಟು ನಿಂತಿದ್ದಾರೆ. ಎದುರಿಗೆ ಮೋಡ ತಗ್ಗುತ್ತಿದೆ. ಒಬ್ಬನೇ ಇದ್ದಿದ್ದರೆ ಮನೆಗೆ ಹಿಂತಿರುಗುತ್ತಿದ್ದ ಪೈಲಟ್‌ಗೆ ಈಗ "ಹೋಗಿಬಿಡೋಣ" ಅನ್ನಿಸತೊಡಗುತ್ತದೆ. ಮುಂಗಡ ಪಡೆದಿದ್ದರೆ ಆ ಸೆಳೆತ ಇಮ್ಮಡಿ.

ಅದಕ್ಕೇ ಹಂಚಿಕೆಗೆ ಅವಕಾಶವಿರುವ ದೇಶಗಳಲ್ಲೂ ಹಣವನ್ನು ಇಳಿದ ಮೇಲೆ, ಬಿಲ್ಲು ಕೈಗೆ ಬಂದ ಮೇಲೆ, ಅದನ್ನು ತೋರಿಸಿಯೇ ಪಡೆಯುವುದು ಒಳ್ಳೆಯದು. ಬಿಲ್ಲು, ಪಾಲು ಕೊಟ್ಟ ದಾಖಲೆ ಎರಡನ್ನೂ ಎತ್ತಿಡಿ. ಹೊರಡುವ ಮುನ್ನ ಜೊತೆಗೆ ಬರುವವರಿಗೆ ಮಾತ್ರ ಇಂಥದೊಂದು ಸಂದೇಶ ಕಳಿಸಿದರೆ ಆಮೇಲಿನ ಮುಜುಗರ ತಪ್ಪುತ್ತದೆ:

"ಶನಿವಾರ ನಾನು ನಾಟಕಕ್ಕೆ ಹೋಗುತ್ತಿದ್ದೇನೆ, ನೀವು ಬಾರದಿದ್ದರೂ ಹೋಗುತ್ತೇನೆ. ಬಾಡಿಗೆ, ಇಂಧನ, ನಿಲ್ದಾಣದ ಶುಲ್ಕವನ್ನು ನನ್ನನ್ನೂ ಸೇರಿಸಿ ತಲೆಗಿಷ್ಟೆಂದು ಹಂಚೋಣ. ಹಣ ಇಳಿದ ಮೇಲೆ, ಬಿಲ್ಲು ನೋಡಿ. ಹೋಗುವುದೋ ಬಿಡುವುದೋ, ನಡುವೆ ಇಳಿಯುವುದೋ ಎಂಬುದನ್ನು ನಾನೊಬ್ಬನೇ ತೀರ್ಮಾನಿಸುತ್ತೇನೆ. ವಿಮಾನ ಏಳದಿದ್ದರೆ ಯಾರೂ ಏನೂ ಕೊಡಬೇಕಿಲ್ಲ. ಅಲ್ಲೇ ಉಳಿಯಬೇಕಾಗಿ ಬಂದರೆ ಬಸ್ಸು, ಹೋಟೆಲು ಅವರವರದು."

ಇದನ್ನು ಓದಿ "ಸರಿ" ಎಂದವರನ್ನು ಮಾತ್ರ ಕರೆದೊಯ್ಯಿರಿ. "ಸೋಮವಾರ ಬೆಳಗ್ಗೆ ನನಗೆ ಆಫೀಸ್ ಇದೆ, ಭಾನುವಾರ ತಲುಪಿಸಲೇಬೇಕು" ಎನ್ನುವವರಿಗೆ ಏರ್‌ಲೈನ್ ಟಿಕೆಟ್ಟೇ ಸೂಕ್ತ ಎಂದು ಮೊದಲೇ ಹೇಳಿಬಿಡಿ.